ಬಾಳೆಎಲೆಯ ಮೇಲೆ ಸೊಸೆ

ಬಳ್ಳಾರಿಯ ಆಸ್ಪತ್ರೆಯಲ್ಲಿ ನನ್ನನ್ನು ಬಾಳೆಎಲೆಗಳ ಮೇಲೆ ಮಲಗಿಸಿದ್ದರು. ಆಗಷ್ಟೇ ಹೊಸದಾಗಿ ಬಂದಿದ್ದ ಸಲ್ಫಾ ಗುಳಿಗೆಯನ್ನು ಜ್ವರಕ್ಕೆಂದು ನುಂಗಿದ್ದೆ. ಅದು ಒಗ್ಗದೆ ಮೈಯ ಚರ್ಮವೆಲ್ಲ ಸುಲಿದು, ಬಟ್ಟೆ ಹಾಸಿದರೆ ಅಂಟಿಕೊಳ್ಳುತ್ತಿತ್ತು. ಬಾಯೊಳಗೂ ಹುಣ್ಣಾಗಿ ನೀರು ಸಹ ಇಳಿಯುತ್ತಿರಲಿಲ್ಲ. ಉಳಿಯುವುದು ಕಷ್ಟವೆಂದು ಡಾಕ್ಟರು ನನ್ನ ಗಂಡನಿಗೆ ಹೇಳಿದ್ದರಂತೆ.

ಸುದ್ದಿ ಕೇಳಿ ತೆಕ್ಕಲಕೋಟೆಯಿಂದ ಅತ್ತೆ ಓಡಿಬಂದರು. ಮದುವೆಯಾದಾಗಿನಿಂದ ಅವರ ಗದರಿಕೆಗೆ ನಡುಗುತ್ತಿದ್ದವಳು ನಾನು. ನನ್ನನ್ನು ನೋಡಿ ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನರ್ಸಮ್ಮನ ಕಡೆ ತಿರುಗಿ, "ಎಲಿ ಮ್ಯಾಲೆ ಊಟ ಬಡಿಸೋದು ನೋಡೀನ್ರಿ, ಸೊಸೀನ್ನ ಬಡಿಸೋದು ಇವತ್ತ ನೋಡಿದೆ" ಎಂದರು.

ತುಟಿ ಉರಿದರೂ ನಗು ತಡೆಯಲಾಗಲಿಲ್ಲ. ನಾನು ನಕ್ಕಿದ್ದು ಕಂಡು ನರ್ಸಮ್ಮ ಡಾಕ್ಟರನ್ನು ಕರೆತಂದರು. ಅವರು ಬಾಯಿ ನೋಡಿ, ಹುಣ್ಣು ಮಾಯುತ್ತಿದೆ, ಗಂಜಿ ಕೊಡಬಹುದು ಎಂದರು. ಅತ್ತೆ ತಾವೇ ಚಮಚದಲ್ಲಿ ಕುಡಿಸಿದರು.

ಹೊಸ ಚರ್ಮ ಬಂದು ಮನೆ ಸೇರಿದೆ. ಈಗ ಯಾವ ಡಾಕ್ಟರ ಬಳಿ ಹೋದರೂ ಅತ್ತೆಯೇ ಮುಂದೆ ನಿಂತು, "ನನ್ನ ಸೊಸಿಗೆ ಸೊಲ್ಪ ಗುಳಿಗಿ ಕೊಡಬ್ಯಾಡ್ರಿ" ಎನ್ನುತ್ತಾರೆ. "ಹಂಗಾರ ಜಾಸ್ತಿ ಕೊಡ್ಲೇನಮ್ಮಾ?" ಎಂದು ಡಾಕ್ಟರು ಕೇಳಿದಾಗ, ಅದು ಸಲ್ಫಾ ಎಂದು ಬಿಡಿಸಿ ಹೇಳುವುದು ನನ್ನ ಕೆಲಸ.