ಘನಮ್ಮನ ಅಮ್ಮನ ಫೋಟೋ

ಕಾಂಕ್ರೀಟು ಪರೀಕ್ಷಿಸುವ ಕಚೇರಿಯಲ್ಲಿ ಇಪ್ಪತ್ತಾರು ವರ್ಷ ದುಡಿದ ಆಕೆಗೆ ಮೇಸ್ತ್ರಿಗಳು ಇಟ್ಟ ಹೆಸರು ಘನಮ್ಮ. ಹಸಿ ಕಾಂಕ್ರೀಟನ್ನು ಕಬ್ಬಿಣದ ಅಚ್ಚಿಗೆ ತುಂಬಿ ಅರ್ಧ ಅಡಿಯ ಘನ ಮಾಡುವುದು, ಇಪ್ಪತ್ತೆಂಟು ದಿನ ನೀರಿನ ತೊಟ್ಟಿಯಲ್ಲಿಟ್ಟು ಸಾಕುವುದು, ಆಮೇಲೆ ಯಂತ್ರದ ಬಾಯಿಗೆ ಕೊಟ್ಟು ಎಷ್ಟು ಭಾರಕ್ಕೆ ಒಡೆಯುತ್ತದೆಂದು ನೋಡುವುದು. ಇಷ್ಟು ಆರೈಕೆ ಮಾಡಿ ಇಷ್ಟು ನಿರ್ದಯೆಯಿಂದ ಒಡೆಯುವ ಕೆಲಸ ಕೆಲವು ಮದುವೆಗಳನ್ನು ಬಿಟ್ಟರೆ ಬೇರೆಲ್ಲೂ ಇರಲಿಕ್ಕಿಲ್ಲ.

ಕಲಸುವಾಗ ನೀರು ಹೆಚ್ಚಿದರೆ ಆಕೆಯ ಕಣ್ಣಿಗೆ ತಕ್ಷಣ ಬೀಳುತ್ತಿತ್ತು.

"ಸ್ವಲ್ಪ ತೆಳ್ಳಗಿದ್ರೆ ಸಲೀಸಾಗಿ ಹರಿಯುತ್ತೆ ಮೇಡಂ," ಎಂದು ಮೇಸ್ತ್ರಿ ಹಲ್ಲು ಗಿಂಜಿದರೆ, "ಹರಿಯೋಕೆ ಇದೇನು ಹೊಳೆನಾ? ಚೆಲ್ಲಿ ಆಚೆಗೆ," ಎನ್ನುವಳು. ಮನಸ್ಸು ಮಾತ್ರ ಹೆಸರಿನಷ್ಟು ಘನವಾಗಿರಲಿಲ್ಲ.

ಆಕೆಗೆ ಎರಡು ತುಂಬುವ ಮೊದಲೇ ಅಮ್ಮ ತೀರಿಕೊಂಡಿದ್ದಳು. ಮನೆಯಲ್ಲಿ ಅಮ್ಮನದೊಂದು ಫೋಟೋವೂ ಇರಲಿಲ್ಲ. ಕನ್ನಡಿಯ ಮುಂದೆ ನಿಂತು ತನ್ನ ಮುಖದಿಂದ ಅಪ್ಪನನ್ನು ಕಳೆಯುವುದು ಆಕೆಯ ಹಳೇ ಅಭ್ಯಾಸ. ಮೂಗು ಅಪ್ಪನದು, ಹಣೆ ಅಪ್ಪನದು; ಉಳಿದದ್ದು? ಉಳಿದದ್ದು ಹೇಗಿತ್ತೆಂದು ಬಲ್ಲವಳು ಚಿಕ್ಕಮ್ಮ ಒಬ್ಬಳೇ. ಆಕೆಯೇ ಒಂದು ಫೋಟೋದ ಸುದ್ದಿ ಹೇಳಿದ್ದು: ಅಕ್ಕ ತಂಗಿ ಇಬ್ಬರೂ ಒಂದೇ ಹೊಲಿಗೆ ಅಂಗಡಿಯಲ್ಲಿದ್ದರು. ಮಹಿಳಾ ಪತ್ರಿಕೆಯೊಂದರ ಹೊಲಿಗೆ ಪುಟಕ್ಕೆ ಫೋಟೋ ತೆಗೆಯುವ ದಿನ ರೂಪದರ್ಶಿ ಕೈಕೊಟ್ಟಳು. ಗೌನು ಹೊಲಿದ ಅಮ್ಮನನ್ನೇ ಅದರೊಳಗೆ ತೂರಿಸಿ ನಿಲ್ಲಿಸಿದರು. ಪತ್ರಿಕೆ ಸಾವಿರಾರು ಮನೆಗಳಿಗೆ ಹೋಯಿತು. ಅಮ್ಮ ಊರಿಗೆಲ್ಲ ಕಂಡಳು, ಮಗಳೊಬ್ಬಳನ್ನು ಬಿಟ್ಟು.

ಹಳೇ ಪುಸ್ತಕದ ರಾಶಿ ಕಂಡಲ್ಲೆಲ್ಲ ಘನಮ್ಮ ಕುಕ್ಕರುಗಾಲಲ್ಲಿ ಕೂರುತ್ತಿದ್ದುದು ಇದಕ್ಕೇ. ಕೊನೆಗೆ ಅದು ಸಿಕ್ಕಿದ್ದು ಕೆಲಸದ ಜಾಗದಲ್ಲಿ. ಗ್ರಂಥಾಲಯಕ್ಕೆ ಹೊಸ ಮಹಡಿ ಏರುತ್ತಿತ್ತು. ಕಂಬದ ಹಲಗೆ ಬಿಚ್ಚಿದಾಗ ಕಂಡ ತೂತುಗಳನ್ನು ಮೇಸ್ತ್ರಿ ಸಿಮೆಂಟು ಮೆತ್ತಿ ನುಣ್ಣಗೆ ಮಾಡಿದ್ದ. ಘನಮ್ಮ ಸುತ್ತಿಗೆಯಿಂದ ತಟ್ಟಿದಳು. ಟೊಳ್ಳು ಸದ್ದು.

"ಮುಖಕ್ಕೆ ಪೌಡರ್ ಹಚ್ಚಿದ್ರೆ ಒಳಗಿನ ಜ್ವರ ಹೋಗುತ್ತೇನ್ರಿ? ಒಡೆದು ಸರಿ ಮಾಡಿ."

"ನಿಮ್ಮ ಕಿವಿಗೆ ಯಾರಾದ್ರೂ ಸಿಮೆಂಟು ಮೆತ್ತಬಾರ್ದಾ ಮೇಡಂ," ಎಂದು ಗೊಣಗುತ್ತ ಅವನು ಉಳಿ ಎತ್ತಿಕೊಂಡ. ಅವನು ಒಡೆದು ಮುಗಿಸುವವರೆಗೆ ಆಕೆ, ಗುಜರಿಗೆ ಹಾಕಲು ಹೊರಗಿಟ್ಟ ಪತ್ರಿಕೆಗಳ ಹಳೇ ಸಂಪುಟಗಳನ್ನು ತಿರುವಿದಳು. ಮೂರನೆಯದರಲ್ಲಿ, ಚಿಕ್ಕಮ್ಮ ಹೇಳಿದ್ದ ಎಲೆಯಾಕಾರದ ಕಾಲರು. ಕೆಳಗೆ ಅಚ್ಚಾಗಿತ್ತು: 'ಮನೆಯಲ್ಲೇ ಹೊಲಿಯಬಹುದಾದ ಸಂಜೆಯ ಗೌನು.' ಗ್ರಂಥಪಾಲಕರನ್ನು ಕೇಳಿ ಸಂಪುಟವನ್ನು ಎದೆಗವಚಿಕೊಂಡು ಮನೆಗೆ ಬಂದಳು.

ಚಿಕ್ಕಮ್ಮ ಕನ್ನಡಕ ಏರಿಸಿದಳು.

"ಗೌನು ಅದೇ. ಈ ಕಾಜ ಎಲ್ಲ ನಾನೇ ಹಾಕಿದ್ದು. ಆದ್ರೆ ಮುಖ..."

"ಮುಖಕ್ಕೇನು?"

"ಅವಳೇ ಕಣೇ, ಆದ್ರೆ ಅವಳಲ್ಲ. ಫೋಟೋ ತಿದ್ದೋರು ಗದ್ದ ಕೆರೆದಿದಾರೆ, ತುಟಿ ಚಿಕ್ಕದು ಮಾಡಿದಾರೆ. ಸೊಂಟ ನೋಡು, ಬಳೆಯೊಳಗೆ ತೂರುತ್ತೆ! ಆಗ ನೀನು ಹೊಟ್ಟೇಲಿ ಆರು ತಿಂಗಳು. ಬಟನ್ ಹಾಕೋಕಾಗ್ದೆ ಹಿಂದೆ ಸಾಲಾಗಿ ಪಿನ್ನು ಚುಚ್ಚಿದ್ದೆ."

"ಅಂದ್ರೆ, ನನ್ನನ್ನೂ ಕೆರೆದು ಹಾಕಿದ್ರಾ?"

"ಆ ಪತ್ರಿಕೆಗಳಲ್ಲಿ ಹೆಂಗಸ್ರಿಗೆ ಹೊಟ್ಟೆ ಎಲ್ಲಿತ್ತು ಮಗಾ?"

ಹೌದು. ಹಿಂದಿನ ಪುಟ, ಮುಂದಿನ ಪುಟ, ಎಲ್ಲ ಹೆಂಗಸರಿಗೂ ಅದೇ ಸೊಂಟ, ಅದೇ ತುಟಿ. ಇಲ್ಲೂ ಅಚ್ಚು, ಅಲ್ಲೂ ಅಚ್ಚು. ಆದರೆ ತನ್ನ ಅಚ್ಚಿನಿಂದ ಬಂದ ಎರಡು ಘನಗಳು ಎಂದೂ ಒಂದೇ ಭಾರಕ್ಕೆ ಒಡೆದದ್ದಿಲ್ಲ ಎಂದುಕೊಂಡಳು ಘನಮ್ಮ. ಐವತ್ತು ದಾಟಿದ ಮೇಲೆ ಅಮ್ಮ ಸಿಕ್ಕಳು, ಸಿಕ್ಕವಳೂ ಯಾರೋ.

ಬಿರುಕು ನೋಡುವ ಭೂತಗನ್ನಡಿ ತಂದು ಪುಟದ ಮೇಲೆ ಬಗ್ಗಿದಳು. ಸೊಂಟದ ಸುತ್ತ ಕುಂಚದ ಗೆರೆಗಳು ಕಂಡವು. ಭೂತಗನ್ನಡಿ ಹಾಗೇ ಪಕ್ಕಕ್ಕೆ ಸರಿಯಿತು. ಅಲ್ಲೇ ನಿಂತಿತು. ಅಮ್ಮ ಪಕ್ಕಕ್ಕೆ ತಿರುಗಿ ನಿಂತಿದ್ದಳು; ದೀಪದ ಬೆಳಕಿಗೆ ಆಕೆಯ ನೆರಳು ಹಿಂದಿನ ಗೋಡೆಯ ಮೇಲೆ ಬಿದ್ದಿತ್ತು. ಕುಂಚ ಹಿಡಿದವನು ಹೆಂಗಸನ್ನು ತಿದ್ದಿ ನೆರಳನ್ನು ಮರೆತಿದ್ದ. ಗೋಡೆಯ ಮೇಲೆ ದುಂಡು ಗದ್ದ, ದಪ್ಪ ತುಟಿ, ಕೆಳಗೆ ಆರು ತಿಂಗಳ ಹೊಟ್ಟೆ.

"ಇದು! ಇದು ಅವಳು," ಎಂದಳು ಚಿಕ್ಕಮ್ಮ. ಬೆರಳು ನೆರಳಿನ ಹೊಟ್ಟೆಗೆ ಇಳಿಯಿತು. "ಇದು ನೀನು."

ಕಿಟಕಿಯಿಂದ ಇಳಿಬಿಸಿಲು ಗೋಡೆಗೆ ಬೀಳುತ್ತಿತ್ತು. ಘನಮ್ಮ ಎದ್ದು ಅಲ್ಲಿ ಪಕ್ಕಕ್ಕೆ ತಿರುಗಿ ನಿಂತಳು.

"ನೋಡಿ ಚಿಕ್ಕಮ್ಮಾ. ಅಮ್ಮನದು ಏನಾದ್ರೂ ಇದೆಯಾ?"

ಚಿಕ್ಕಮ್ಮ ಪುಟ ನೋಡಿದಳು, ಗೋಡೆ ನೋಡಿದಳು.

"ಗದ್ದ ಅವಳದೇ. ಹೊಟ್ಟೆ ಯಾಕೆ ಒಳಗೆಳ್ಕೊಂಡಿದೀಯ? ಬಿಡು."

ಘನಮ್ಮ ಉಸಿರು ಬಿಟ್ಟಳು. ಗೋಡೆಯ ಮೇಲಿನ ತನ್ನ ನೆರಳನ್ನು ತಿರುಗಿ ನೋಡಬೇಕೆಂದು ಜೀವ ತಹತಹಿಸಿತು. ತಿರುಗಿದರೆ ಆಕಾರ ಕೆಡುತ್ತದೆ. ಕತ್ತು ನೆಟ್ಟಗಿಟ್ಟುಕೊಂಡೇ ಕೇಳಿದಳು:

"ಇದಾಳಾ ಇನ್ನೂ?"

"ಇದಾಳೆ. ಅಲುಗಾಡ್ಬೇಡ."