ಪರದೆಯಕ್ಕ ಎಲ್ಲರನ್ನೂ ಕೇಳಿದಳು

ರಕ್ತನಿಧಿ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಪರದೆಯಕ್ಕ ಎಂದೇ ಕರೆಯುತ್ತಿದ್ದರು. ಶಿಬಿರ ಎಲ್ಲೇ ನಡೆಯಲಿ, ವ್ಯಾನಿನಿಂದ ಮೊದಲು ಇಳಿಯುತ್ತಿದ್ದುದು ಅವಳ ಹಸಿರು ಪರದೆ. ರಕ್ತ ತೆಗೆಯುವ ಕೋಣೆಯ ಬಾಗಿಲ ಮುಂದೆ ಅದನ್ನು ಬಿಗಿದು ಕಟ್ಟಿ, ಒಳಗೆ ತನಗೊಂದು ಕುರ್ಚಿ, ಬಂದವರಿಗೊಂದು ಕುರ್ಚಿ ಹಾಕಿಕೊಂಡು, "ಹೂಂ, ಒಬ್ಬೊಬ್ಬರಾಗಿ ಬನ್ನಿ" ಎಂದು ಕೂಗುತ್ತಿದ್ದಳು.

ಕೇಳುವುದೇ ಅವಳ ಕೆಲಸ. ಜ್ವರ ಬಂದಿತ್ತೇ, ಮಾತ್ರೆ ನುಂಗುತ್ತೀರಾ ಎಂದು ಆರಂಭಿಸಿ, ಆಮೇಲೆ ದನಿ ತಗ್ಗಿಸಿ ಹಾಸಿಗೆಯ ವಿಷಯಕ್ಕೆ ಬರುತ್ತಿದ್ದಳು. ಎಂಥ ಗಟ್ಟಿಗನೂ ಆಗ ಚಾವಣಿ ನೋಡುತ್ತಿದ್ದ. "ಚಾವಣಿ ಏನೂ ಹೇಳಲ್ಲಪ್ಪಾ, ನೀನೇ ಹೇಳು" ಎನ್ನುತ್ತಿದ್ದಳು ಅವಳು. ಚೀಲಕ್ಕೆ ಬಂದ ರಕ್ತವನ್ನೆಲ್ಲ ಪರೀಕ್ಷೆ ಮಾಡುವುದೇನೋ ನಿಜ. ಆದರೆ ತೀರ ಈಚೆಗೆ ತಗುಲಿದ ಸೋಂಕು ಕೆಲವು ಕಾಲ ಪರೀಕ್ಷೆಯ ಕಣ್ಣಿಗೂ ಬೀಳುವುದಿಲ್ಲ. ಆ ಸಂದನ್ನು ಮುಚ್ಚುವುದಕ್ಕೆ ಇರುವುದು ಪ್ರಶ್ನೆ, ಅದಕ್ಕೆ ಬರುವ ಪ್ರಾಮಾಣಿಕ ಉತ್ತರ, ಇಷ್ಟೇ.

ಅವಳ ತಮ್ಮ ಬಸ್ಸು ರಿಪೇರಿ ಕಾರ್ಖಾನೆಯಲ್ಲಿ ತಗಡಿನ ಕೆಲಸದವನು. ಎಲ್ಲೋ ಗುದ್ದಿಸಿಕೊಂಡು ಬಂದ ಬಸ್ಸಿನ ಪಕ್ಕೆಯನ್ನು ಬಡಿದು ನೇರ ಮಾಡುವುದರಲ್ಲಿ ಅವನ ಕೈಗೆ ಸಾಟಿಯಿರಲಿಲ್ಲ. ಅದೇ ಕಾರ್ಖಾನೆಯಲ್ಲಿ ಸೀಟಿನ ಹೊದಿಕೆ ಹೊಲಿಯುವ ದರ್ಜಿಯೊಡನೆ ಅವನು ವರ್ಷಗಳಿಂದ ಒಂದೇ ಮನೆಯಲ್ಲಿ, ಗಂಡಹೆಂಡಿರ ಹಾಗೆ ಬಾಳುತ್ತಿದ್ದ. ಅಕ್ಕನಿಗೆ ಮೊದಮೊದಲು ಅದು ನುಂಗಲಾರದ ತುತ್ತು. ಹರಿದ ಪರದೆಗೆ ದರ್ಜಿ ತಾನಾಗಿಯೇ ಅಂಚು ಹೊಲಿದು ತಂದುಕೊಟ್ಟ ದಿನ ಆ ತುತ್ತು ಸಲೀಸಾಗಿ ಕೆಳಗಿಳಿಯಿತು.

ಕಾರ್ಖಾನೆಯಲ್ಲಿ ಮೊದಲ ಸಲ ಶಿಬಿರ ನಡೆದಾಗ ತಮ್ಮನೂ ಸಾಲಿನಲ್ಲಿ ನಿಂತಿದ್ದ. ಹಿಂದೆ ಅಕ್ಕನ ಹೆರಿಗೆಯಲ್ಲಿ ಅವಳ ಜೀವ ಉಳಿದದ್ದು ಯಾರೋ ಮುಖ ಕಾಣದವರು ಕೊಟ್ಟ ರಕ್ತದಿಂದ. ಆ ಋಣವನ್ನು ತಾನು ತೀರಿಸಬೇಕೆಂಬುದು ಅವನ ಹಟ. ಆದರೆ ಆಗಿನ ನಿಯಮ ಬೇರೆ. ಗಂಡಸಿನೊಡನೆ ಸಂಸಾರ ಮಾಡುವ ಗಂಡಸಿನ ರಕ್ತ ಎಂದೆಂದಿಗೂ ಬೇಡ ಎನ್ನುತ್ತಿತ್ತು ಅದು.

"ಕೇಳಕ್ಕಾ, ಎಲ್ಲರನ್ನೂ ಕೇಳೋ ಹಾಗೆ."

"ನನಗೆ ಗೊತ್ತಿರೋದೇ ಅಲ್ವೇನೋ."

"ಸುಳ್ಳು ಹೇಳಿ ಕೊಡೋಕೆ ನಾನು ಬಂದಿಲ್ಲ. ಬರ್ಕೋ."

"ಹಾಗಾದ್ರೆ ತಗೊಳ್ಳೋ ಹಾಗಿಲ್ಲ ಕಣೋ."

"ಎಷ್ಟು ದಿನ?"

"ಯಾವತ್ತೂ."

ತಮ್ಮ ಎದ್ದು ನಿಂತ. "ನಮ್ಮ ಫೋರ್‌ಮನ್‌ಗೆ ಹೋದ ಊರಲ್ಲೆಲ್ಲ ಒಂದು ಸಂಬಂಧ. ಅವನು ಅಲ್ಲಿ ನಗ್ತಾ ಮಲಗಿ ಕೊಡ್ತಿದಾನೆ. ನಾವಿಬ್ಬರು ಒಬ್ಬರನ್ನೊಬ್ಬರು ಬಿಟ್ಟು ಬೇರೆ ಯಾರನ್ನೂ ಕಂಡಿಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ, ಅಲ್ವಾ?"

ಹತ್ತಿ ಪಟ್ಟಿಯಿಲ್ಲದ ಬರಿಯ ಮೊಣಕೈಯಲ್ಲಿ ಅವನು ಹೊರಗೆ ಹೋದದ್ದನ್ನು ಅಂಗಳದಲ್ಲಿದ್ದವರೆಲ್ಲ ನೋಡಿದರು. "ಏನಯ್ಯಾ, ನಿನ್ನದು ಬೇಡವಂತಾ? ಯಾಕೋ?" ಎಂದು ಒಬ್ಬ ಕಿಸಕ್ಕನೆ ನಕ್ಕ. ತಮ್ಮನೂ ನಕ್ಕ. ಪರದೆಯ ಒಳಗಿದ್ದ ಅಕ್ಕ ಆ ನಗೆಯನ್ನು ಕೇಳಿಸಿಕೊಂಡಳು. ಅದು ನಗೆಯಲ್ಲವೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅಂದಿನಿಂದ ಅವಳು ಒಂದು ಪದ್ಧತಿ ಮಾಡಿದಳು. ರಕ್ತ ಕೊಟ್ಟವರಿರಲಿ, ಬೇಡವೆನಿಸಿಕೊಂಡವರಿರಲಿ, ಎಲ್ಲರ ಮೊಣಕೈಗೂ ಹತ್ತಿಯಿಟ್ಟು ಪಟ್ಟಿ ಹಚ್ಚುವುದು, ಎಲ್ಲರಿಗೂ ಒಂದು ಲೋಟ ಹಣ್ಣಿನ ರಸ. ಹೊರಗೆ ನಿಂತವರಿಗೆ ಯಾರು ಕೊಟ್ಟರು, ಯಾರು ಬಿಟ್ಟರು ಎಂಬುದು ತಿಳಿಯಬಾರದು. "ಹತ್ತಿ ದಂಡ ಅಲ್ವೇನಮ್ಮಾ?" ಎಂದು ಡಾಕ್ಟರು ಕೇಳಿದರು. "ಹತ್ತಿ ಅಗ್ಗ ಸಾರ್, ಮಾನ ದುಬಾರಿ" ಎಂದಳು.

ವರ್ಷಗಳು ಕಳೆದವು. ತಮ್ಮ ಮತ್ತೆ ಸಾಲಿನಲ್ಲಿ ನಿಲ್ಲಲಿಲ್ಲ, ಅಕ್ಕನೂ ಕರೆಯಲಿಲ್ಲ. ಕೊನೆಗೆ ನಿಯಮ ಬದಲಾಯಿತು. ನಿನ್ನ ಜೊತೆಗಾರರು ಗಂಡೋ ಹೆಣ್ಣೋ ಎಂದು ನೋಡುವುದಲ್ಲ. ಈಚಿನ ತಿಂಗಳುಗಳಲ್ಲಿ ಹೊಸಬರ ಸಂಗವುಂಟೇ, ಒಬ್ಬರಿಗಿಂತ ಹೆಚ್ಚು ಮಂದಿ ಉಂಟೇ ಎಂದು ಬಂದವರೆಲ್ಲರನ್ನೂ ಒಂದೇ ರೀತಿ ಕೇಳಬೇಕು. ಅಕ್ಕ ಆ ದಿನವೇ ತಮ್ಮನ ಮನೆಗೆ ಹೋಗಿ, "ಈ ಸಲ ಬಾ" ಎಂದಳು. ಅವನು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ.

ಕಾರ್ಖಾನೆಯ ಶಿಬಿರದ ಬೆಳಿಗ್ಗೆ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದರು. "ನೋಡಮ್ಮಾ, ಪ್ರತಿ ಸಲ ಇಲ್ಲಿನ ಮ್ಯಾನೇಜರೇ ಮೊದಲು ಮಲಗೋದು, ಫೋಟೋ ತೆಗೆಸ್ಕೊಳ್ಳೋದು. ಅವರನ್ನ ಆ ಹೊಸ ಪ್ರಶ್ನೆ ಕೇಳಬೇಡ. ಮುನಿಸ್ಕೊಂಡ್ರೆ ಮುಂದೆ ಜಾಗಾನೇ ಕೊಡಲ್ಲ."

"ಅವರನ್ನ ಬಿಟ್ಟು ನನ್ನ ತಮ್ಮನ್ನ ಕೇಳಿದ್ರೆ, ಅದು ಹಳೇ ನಿಯಮಾನೇ ಸಾರ್, ಹೊಸ ಅಂಗಿ ಹಾಕ್ಕೊಂಡು ಬಂದಿದೆ ಅಷ್ಟೆ. ಮುಖ ನೋಡಿ ಮಣೆ ಹಾಕೋಣ ಅಂದ್ರೆ ಬಂದವರಿಗೆ ನನ್ನ ಹತ್ತಿರ ಇರೋದು ಒಂದೇ ಕುರ್ಚಿ."

ಮ್ಯಾನೇಜರು ಅಂಗಿಯ ತೋಳು ಮಡಚಿಕೊಂಡೇ ಬಂದರು. "ಬೇಗ ಬೇಗ ಮುಗಿಸಮ್ಮಾ." ಅವಳು ಅವಸರಪಡದೆ ಒಂದೊಂದಾಗಿ ಕೇಳುತ್ತ ಆ ಪ್ರಶ್ನೆಗೆ ಬಂದಳು. ಅವರ ಕಿವಿ ಕೆಂಪಾಯಿತು.

"ನನ್ನನ್ನೇ ಕೇಳ್ತಿದ್ದೀಯಾ? ಮಕ್ಕಳಿಗೆ ಮದುವೆ ಮಾಡಿದವನು ನಾನು!"

"ಎಲ್ಲರನ್ನೂ ಸಾರ್. ಮೊನ್ನೆ ನಮ್ಮ ಡಾಕ್ಟರು ಕೊಡೋಕೆ ಕೂತಾಗ ಅವರನ್ನೂ ಕೇಳಿದೆ."

"ಏನಂದ್ರು?"

"ಅದನ್ನ ನಿಮಗೆ ಹೇಳಲ್ಲ. ನೀವು ಹೇಳೋದನ್ನ ಅವರಿಗೂ ಹೇಳಲ್ಲ."

ಮ್ಯಾನೇಜರು ಚಾವಣಿ ನೋಡಲಿಲ್ಲ. ತಮ್ಮ ಬೂಟಿನ ತುದಿಯನ್ನೇ ನೋಡಿ, "ಉಂಟು ಅಂದ್ರೆ?" ಎಂದರು ಮೆಲ್ಲಗೆ.

"ಕೆಲವು ತಿಂಗಳು ಬಿಟ್ಟು ಬನ್ನಿ. ಅಷ್ಟರಲ್ಲಿ ಒಂದು ಪರೀಕ್ಷೆ ಮಾಡಿಸ್ಕೊಳ್ಳಿ, ಮನೆಯವರಿಗೂ ಒಳ್ಳೇದು. ಕೈ ಕೊಡಿ, ಪಟ್ಟಿ ಹಚ್ತೀನಿ."

ಅವರು ಮಗುವಿನಂತೆ ಕೈ ಚಾಚಿದರು. ಹೊರಗೆ ಫೋಟೋದವನು, "ಸಾರ್, ಮಲಗಿದ್ದಾಗ ನನ್ನನ್ನ ಕರೀಲೇ ಇಲ್ವಲ್ಲ?" ಎಂದು ಗೋಳಾಡಿದ. "ಪ್ರತಿ ಸಲ ನನ್ನದೇ ಯಾಕಯ್ಯಾ? ಕೆಲಸಗಾರರದ್ದು ತೆಗಿ" ಎನ್ನುತ್ತ ಅವರು ನಡೆದರು. ಅಂಗಳದಲ್ಲಿ ನಿಂತಿದ್ದ ಡಾಕ್ಟರು ನೆಮ್ಮದಿಯ ಉಸಿರು ಬಿಟ್ಟರು.

ಆಮೇಲೆ ಎಷ್ಟೋ ಜನ ಬಂದು ಹೋದರು. ಪರದೆ ಸರಿದಾಗಲೆಲ್ಲ ಅಕ್ಕ ತಲೆಯೆತ್ತುವಳು, ಮತ್ತೆ ತಗ್ಗಿಸುವಳು. ಊಟದ ಗಂಟೆ ಹೊಡೆಯುವ ಹೊತ್ತಿಗೆ ಹೊರಗೆ ಪಿಸುಮಾತು ಕೇಳಿಸಿತು. "ನಡೀ ಅಂದ್ರೆ ನಡೀ, ದೂಡ್ಲಾ?" ಅದು ದರ್ಜಿಯ ದನಿ. ಮರುಕ್ಷಣ ತಮ್ಮ ಒಳಗಿದ್ದ, ನಿಜವಾಗಿಯೂ ಯಾರೋ ದೂಡಿದವನ ಹಾಗೆ.

ಅವಳು ಒಂದು ಪ್ರಶ್ನೆಯನ್ನೂ ಬಿಡದೆ ಕೇಳಿದಳು.

"ಈಚೆಗೆ ಹೊಸಬರು ಯಾರಾದ್ರೂ?"

"ಅಯ್ಯೋ ಅಕ್ಕಾ, ಹಳಬನನ್ನ ಸಂಭಾಳಿಸೋದೇ ಸಾಕಾಗಿದೆ."

"ಹಾಗಾದ್ರೆ ಒಳಗೆ ಹೋಗಿ ಮಲಗು." ಅವನು ಅವಳ ಭುಜವನ್ನೊಮ್ಮೆ ಒತ್ತಿ ಒಳಬಾಗಿಲಿನತ್ತ ನಡೆದ. ಅಲ್ಲಿ ನರ್ಸು ಅವನ ತೋಳಿಗೆ ರಬ್ಬರು ಪಟ್ಟಿ ಬಿಗಿಯುವುದೂ, ಸಣ್ಣ ಕೊಳವೆ ಕೆಂಪಾಗುವುದೂ ಅವಳಿಗೆ ಕುಳಿತಲ್ಲಿಂದಲೇ ಕಂಡಿತು.

ದರ್ಜಿ ಬಂದು ಕುಳಿತ. "ನನ್ನೂ ಕೇಳಿ ಅಕ್ಕಾ, ಬಿಡಬೇಡಿ."

ಕೇಳಿದಳು. ಹಲ್ಲು ಕೀಳಿಸಿದ್ದುಂಟೇ ಎಂದಾಗ ಅವನು ಕೆನ್ನೆ ಮುಟ್ಟಿಕೊಂಡ. "ನಿನ್ನೆ ತಾನೆ, ದವಡೆ ಹಲ್ಲು."

"ಹಾಗಾದ್ರೆ ಇವತ್ತು ನಿನ್ನದು ಬೇಡಪ್ಪಾ. ಗಾಯ ಮಾಗಲಿ."

"ಬರೀ ಹಲ್ಲಿಗೋಸ್ಕರಾನಾ?"

"ಬರೀ ಹಲ್ಲಿಗೋಸ್ಕರ."

"ಬೇರೆ ಏನೂ ಇಲ್ಲ?"

"ಬೇರೆ ಏನೂ ಇಲ್ಲವೋ ಮಾರಾಯ, ಏಳು!"

ದರ್ಜಿ ಗಟ್ಟಿಯಾಗಿ ನಕ್ಕ. ರಕ್ತ ಬೇಡವೆನಿಸಿಕೊಂಡು ಅಷ್ಟು ಹಿಗ್ಗಿದವನನ್ನು ಅವಳು ತನ್ನ ನೌಕರಿಯಲ್ಲೇ ಕಂಡಿರಲಿಲ್ಲ. ಹೊರಗೆ ಸಾಲಿನಲ್ಲಿ ನಿಂತವರಿಗೆಲ್ಲ ಬಾಯಿ ಅಗಲಿಸಿ ಹಲ್ಲಿನ ಗುಳಿ ತೋರಿಸುತ್ತ ಹೋದ. "ಇನ್ನೊಬ್ಬರು ಬನ್ನಿ" ಎಂದು ಪರದೆಯಕ್ಕ ಕೂಗಿದಳು.