ಅಂಬರೀಶನ ಮನೆಯ ಸಾಕ್ಷಿ

ಸಿಬಿಐ ಇನ್ಸ್‌ಪೆಕ್ಟರ್ ಅಂಬರೀಶ ಕೊಲೆ ಕೇಸುಗಳ ಹಿಂದೆ ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆದವನು. ಚಿಂತಾಮಣಿಯ ಸ್ವಂತ ಮನೆಯಲ್ಲೂ ಬಾಗಿಲಿಗೆ ಬೆನ್ನು ಹಾಕಿ ಕೂತವನಲ್ಲ. ಈ ಸಲ ರಜೆಗೆ ಬಂದು ಊಟಕ್ಕೆ ಕೂತಾಗ ಮಗಳು ತನುಜ, ಗೆಳತಿಯ ಅಕ್ಕನ ಮದುವೆಗೆ ಮಂಡಿಕಲ್ಲಿಗೆ ಹೋಗಿ ಕುಣಿದು ಬಂದಿದ್ದನ್ನು ಬಾಯ್ತುಂಬ ಹೇಳತೊಡಗಿದಳು.

"ಯಾವ ಬಸ್ಸಮ್ಮ? ಪಕ್ಕದಲ್ಲಿ ಯಾರು ಕೂತಿದ್ರು? ನೀನು ಅಲ್ಲಿದ್ದಿದ್ದನ್ನ ಯಾರು ನೋಡಿದ್ರು?"

ಹಾಳಾದ ಅಭ್ಯಾಸ! ಎಂಜಲು ಕೈಯಲ್ಲೇ ಎದ್ದು ಓಡಾಡುತ್ತ, ಕೇಳಿದ್ದನ್ನೇ ತಿರುಗಿಸಿ ಕೇಳಿದ. ಒಂದೊಂದು ಪ್ರಶ್ನೆಗೂ ಅವಳ ನಗು ಇಳಿಯುತ್ತ ಬಂತು. ಕೊನೆಗೆ ತಟ್ಟೆ ಸರಿಸಿ ಎದ್ದಳು.

"ಸೈನ್ ಎಲ್ಲಿ ಹಾಕ್ಬೇಕು, ಸಾರ್?"

"ಬೇಡಮ್ಮ," ಎಂದುಬಿಟ್ಟ ಅಂಬರೀಶ, "ತನಿಖೇಲಿ ಕೊಟ್ಟ ಹೇಳಿಕೆಗೆ ಸಾಕ್ಷಿಗಳು ಸೈನ್ ಹಾಕೋ ಹಾಗಿಲ್ಲ."